ಎಲ್‌ಡಿಡಿ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಕಾಲೇಜು ಲ್ಯಾಬುಗಳಲ್ಲಿ, ವೈಟ್‌ಫೀಲ್ಡ್ ಕಡೆ ಸರ್ವರ್ ನೋಡಿಕೊಳ್ಳುವವರಲ್ಲಿ, ಪೀಣ್ಯದಲ್ಲಿ ಬೋರ್ಡುಗಳಿಗೆ ಸಾಫ್ಟ್‌ವೇರ್ ತುಂಬುವವರಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಬೇರೆ ಹೇಳದ ಕಡೆಯೆಲ್ಲ ಮಾತು ಲಿನಕ್ಸ್ ಮತ್ತು ಗ್ಲಿಬ್‌ಸಿ (ಹೆಚ್ಚಿನ ಲಿನಕ್ಸ್‌ಗಳ ಮೂಲ ಸಿ ಲೈಬ್ರರಿ) ಕುರಿತದ್ದು. ಕಮಾಂಡುಗಳನ್ನೂ ಫೈಲ್ ಹೆಸರುಗಳನ್ನೂ ಉಚ್ಚಾರದಂತೆ ಕನ್ನಡದಲ್ಲೇ ಬರೆದಿದ್ದೇವೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು. ಎಲ್‌ಡಿಡಿ ಅಂದರೆ ಎಲ್, ಡಿ, ಡಿ, ಮೂರೂ ಸಣ್ಣಕ್ಷರ. 'ಎಲ್‌ಡಿ_' ಎಂದು ಶುರುವಾಗುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳೆಲ್ಲ ದೊಡ್ಡಕ್ಷರ.

## ಮೊದಲ ಹೆಜ್ಜೆ

ಎಲ್‌ಡಿಡಿ ಅಂದ್ರೆ ಏನು? ನನಗ್ಯಾಕೆ ಬೇಕು?

ಒಂದು ಪ್ರೋಗ್ರಾಂ ಓಡಲು ಯಾವ ಯಾವ ಶೇರ್ಡ್ ಲೈಬ್ರರಿಗಳು (ಹಲವು ಪ್ರೋಗ್ರಾಮುಗಳು ಹಂಚಿಕೊಂಡು ಬಳಸುವ ಕೋಡ್ ಫೈಲುಗಳು) ಬೇಕು, ಅವು ಯಾವ ಫೋಲ್ಡರಿನಿಂದ ಬರುತ್ತವೆ ಎಂದು ಪಟ್ಟಿ ಕೊಡುವ ಕಮಾಂಡ್ ಇದು. ಬೇರೆ ಇನ್‌ಸ್ಟಾಲ್ ಮಾಡಬೇಕಿಲ್ಲ, ಗ್ಲಿಬ್‌ಸಿ ಜೊತೆಗೇ ಬರುತ್ತದೆ.

ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಎಂದರೆ ಇದು ದೊಡ್ಡ ಪ್ರೋಗ್ರಾಮೇನೂ ಅಲ್ಲ, ಒಂದು ಪುಟ್ಟ ಬ್ಯಾಷ್ ಸ್ಕ್ರಿಪ್ಟ್. 'ಲೆಸ್ /ಯುಎಸ್‌ಆರ್/ಬಿನ್/ಎಲ್‌ಡಿಡಿ' ಎಂದು ತೆರೆದು ಓದಬಹುದು. ಅದು 'ಎಲ್‌ಡಿ_ಟ್ರೇಸ್_ಲೋಡೆಡ್_ಆಬ್ಜೆಕ್ಟ್ಸ್=1' ಎಂಬ ವೇರಿಯಬಲ್ ಇಟ್ಟು ಸಿಸ್ಟಮ್ಮಿನ ಡೈನಾಮಿಕ್ ಲೋಡರನ್ನು ಕರೆಯುತ್ತದೆ, ಅಷ್ಟೇ. ಲೋಡರ್ ಎಂದಿನಂತೆ ಲೈಬ್ರರಿಗಳನ್ನೆಲ್ಲ ಹುಡುಕಿ ಜೋಡಿಸುತ್ತದೆ, ಆದರೆ ಪ್ರೋಗ್ರಾಮಿಗೆ ಕೈ ಬಿಟ್ಟುಕೊಡುವ ಬದಲು ಪಟ್ಟಿ ಅಚ್ಚು ಮಾಡಿ ನಿಲ್ಲುತ್ತದೆ. ಹಾಗಾಗಿ ಎಲ್‌ಡಿಡಿ ಕೊಡುವ ಉತ್ತರ ಈ ಗಳಿಗೆಗೆ, ಈ ಯಂತ್ರಕ್ಕೆ, ಈ ಶೆಲ್‌ಗೆ ಮಾತ್ರ ಸಲ್ಲುವಂಥದ್ದು. ಈ ಮಾತು ನೆನಪಿದ್ದರೆ ಕೆಳಗಿನ ಅರ್ಧ ಪ್ರಶ್ನೆಗಳಿಗೆ ಉತ್ತರ ನೀವೇ ಊಹಿಸಬಹುದು.

ಔಟ್‌ಪುಟ್‌ನಲ್ಲಿ ಬಾಣ, ಬ್ರಾಕೆಟ್ಟಿನೊಳಗೆ ಉದ್ದನೆ ನಂಬರ್ ಬರುತ್ತಲ್ಲ, ಅದನ್ನ ಓದೋದು ಹೇಗೆ?

ಉಬುಂಟು 22.04ರಲ್ಲಿ 'ಎಲ್‌ಡಿಡಿ /ಬಿನ್/ಎಲ್‌ಎಸ್' ಹೊಡೆದರೆ ಐದು ಸಾಲು ಬರುತ್ತವೆ. ಉದ್ದನೆಯ ನಂಬರುಗಳನ್ನು ಬಿಟ್ಟರೆ ಹೀಗೆ:

    ಲಿನಕ್ಸ್-ವಿಡಿಎಸ್ಓ.ಎಸ್ಓ.1
    ಲಿಬ್‌ಸೆಲಿನಕ್ಸ್.ಎಸ್ಓ.1 => /ಲಿಬ್/ಎಕ್ಸ್86_64-ಲಿನಕ್ಸ್-ಗ್ನೂ/ಲಿಬ್‌ಸೆಲಿನಕ್ಸ್.ಎಸ್ಓ.1
    ಲಿಬ್‌ಸಿ.ಎಸ್ಓ.6 => /ಲಿಬ್/ಎಕ್ಸ್86_64-ಲಿನಕ್ಸ್-ಗ್ನೂ/ಲಿಬ್‌ಸಿ.ಎಸ್ಓ.6
    ಲಿಬ್‌ಪಿಸಿಆರ್‌ಇ2-8.ಎಸ್ಓ.0 => /ಲಿಬ್/ಎಕ್ಸ್86_64-ಲಿನಕ್ಸ್-ಗ್ನೂ/ಲಿಬ್‌ಪಿಸಿಆರ್‌ಇ2-8.ಎಸ್ಓ.0
    /ಲಿಬ್64/ಎಲ್‌ಡಿ-ಲಿನಕ್ಸ್-ಎಕ್ಸ್86-64.ಎಸ್ಓ.2

ಬಾಣದ ಎಡಕ್ಕಿರುವುದು ಕೇಳಿದ ಹೆಸರು, ಬಲಕ್ಕಿರುವುದು ಸಿಕ್ಕಿದ ಫೈಲ್. ಬ್ರಾಕೆಟ್ಟಿನ ಸಂಖ್ಯೆ ಆ ಲೈಬ್ರರಿ ಮೆಮೊರಿಯಲ್ಲಿ ಕೂತ ಜಾಗ. ಭದ್ರತೆಗಾಗಿ ಕರ್ನಲ್ ಅದನ್ನು ಪ್ರತಿ ಸಲ ಬೇರೆ ಕಡೆ ಕೂರಿಸುತ್ತದೆ, ಆದ್ದರಿಂದ ಎರಡು ಸಲ ಓಡಿಸಿದರೆ ಎರಡು ಸಂಖ್ಯೆ. ಎರಡು ಯಂತ್ರಗಳ ಔಟ್‌ಪುಟ್ ಹೋಲಿಸುವವರು ಮೊದಲು ಈ ಸಂಖ್ಯೆಗಳನ್ನು ಕತ್ತರಿಸಿ ಬಿಸಾಡಿ, ಇಲ್ಲದಿದ್ದರೆ ಪ್ರತಿ ಸಾಲೂ ಬೇರೆಯಾಗಿ ಕಾಣುತ್ತದೆ.

ಕೊನೆಯ ಸಾಲು ಲೋಡರ್ ತಾನೇ. ಅದರ ಪೂರ್ತಿ ದಾರಿ ಪ್ರೋಗ್ರಾಮಿನೊಳಗೇ ಬರೆದಿರುವುದರಿಂದ ಅದಕ್ಕೆ ಬಾಣವಿಲ್ಲ. ಚಿಕ್ಕ ಸಂಗತಿ, ಆದರೆ ಡಾಕರ್ ಪ್ರಶ್ನೆಗೆ ಬಂದಾಗ ಇದೇ ಕೈ ಕೊಡುತ್ತದೆ.

ಲಿನಕ್ಸ್-ವಿಡಿಎಸ್ಓ ಅನ್ನೋ ಫೈಲ್ ಡಿಸ್ಕ್‌ನಲ್ಲಿ ಎಲ್ಲೂ ಇಲ್ಲ. ವೈರಸ್ಸಾ?

ಅಲ್ಲ. ಅದು ಕರ್ನಲ್ ತಾನೇ ಪ್ರತಿ ಪ್ರೋಗ್ರಾಮಿನ ಮೆಮೊರಿಗೆ ಅಂಟಿಸುವ ತುಣುಕು. ಗಂಟೆ ಎಷ್ಟು ಎಂದು ಕೇಳುವಂಥ ಸಣ್ಣ ಕೆಲಸಕ್ಕೆ ಪ್ರತಿ ಸಲ ಕರ್ನಲ್ ಒಳಕ್ಕೆ ಹೋಗಿಬರುವ ಖರ್ಚು ಉಳಿಸುತ್ತದೆ. ಹುಡುಕಬೇಡಿ, ಕಾಪಿ ಮಾಡಬೇಡಿ.

'ಎಲ್‌ಡಿಡಿ ಪೈಥಾನ್3' ಅಂತ ಹೊಡೆದ್ರೆ ಅಂಥ ಫೈಲೇ ಇಲ್ಲ ಅನ್ನುತ್ತೆ, ಆದ್ರೆ ಪೈಥಾನ್3 ಓಡುತ್ತಲ್ಲ?

ಶೆಲ್ ನಿಮ್ಮ ಪಾತ್ ನೋಡಿ ಪ್ರೋಗ್ರಾಂ ಹುಡುಕುತ್ತದೆ, ಎಲ್‌ಡಿಡಿ ಹುಡುಕುವುದಿಲ್ಲ. ಓರೆಗೆರೆ ಇಲ್ಲದ ಹೆಸರು ಕೊಟ್ಟರೆ ಈಗಿರುವ ಫೋಲ್ಡರಿನಲ್ಲಷ್ಟೇ ನೋಡುತ್ತದೆ. 'ಎಲ್‌ಡಿಡಿ $(ವಿಚ್ ಪೈಥಾನ್3)' ಎಂದು ಹೊಡೆಯಿರಿ.

'ನಾಟ್ ಎ ಡೈನಾಮಿಕ್ ಎಕ್ಸಿಕ್ಯೂಟಬಲ್' ಅಂದ್ರೆ ನನ್ನ ಫೈಲ್ ಕೆಟ್ಟಿದೆಯಾ?

ಸಾಮಾನ್ಯವಾಗಿ ಇಲ್ಲ. ಈ ಒಂದೇ ಸಾಲಿನ ಹಿಂದೆ ಬೇರೆ ಬೇರೆ ಕಾರಣಗಳಿರುತ್ತವೆ. ಯಾವುದೆಂದು 'ಫೈಲ್' ಕಮಾಂಡ್ ಹೇಳುತ್ತದೆ. ಅದು ಸ್ಕ್ರಿಪ್ಟ್ ಆಗಿರಬಹುದು: ಪಿಪ್ ಎಂಬುದು ಪೈಥಾನ್ ಸ್ಕ್ರಿಪ್ಟ್, ಅದರ ಮೊದಲ ಸಾಲಿನಲ್ಲಿ ಯಾವ ಪೈಥಾನ್ ಇದೆಯೋ ಅದರ ಮೇಲೆ ಎಲ್‌ಡಿಡಿ ಓಡಿಸಬೇಕು. ಎಲ್ಲವನ್ನೂ ಹೊಟ್ಟೆಯೊಳಗೇ ಇಟ್ಟುಕೊಂಡ ಸ್ಟ್ಯಾಟಿಕ್ ಪ್ರೋಗ್ರಾಂ ಆಗಿರಬಹುದು. ಸಿಗೋ (ಗೋ ಒಳಗಿಂದ ಸಿ ಕೋಡ್ ಕರೆಯುವ ದಾರಿ) ಬಳಸದ ಗೋ ಪ್ರೋಗ್ರಾಮುಗಳು ಹೀಗಿರುತ್ತವೆ. ಇಲ್ಲವೇ ಬೇರೆ ಪ್ರೊಸೆಸರಿನದಾಗಿರಬಹುದು: ಆರ್ಮ್ ಬೋರ್ಡಿಗೆ ಕಂಪೈಲ್ ಮಾಡಿದ್ದನ್ನು ಲ್ಯಾಪ್‌ಟಾಪಿನಲ್ಲಿ ಕೇಳಿದರೆ ಇಲ್ಲಿನ ಲೋಡರಿಗೆ ಅದರ ಭಾಷೆಯೇ ತಿಳಿಯದು. 'ಸ್ಟ್ಯಾಟಿಕಲಿ ಲಿಂಕ್ಡ್' ಎಂದು ಬಂದರೆ ಅದೂ ಸ್ಟ್ಯಾಟಿಕ್ ಪ್ರೋಗ್ರಾಮೇ, ಮೆಮೊರಿಯಲ್ಲಿ ಎಲ್ಲಿ ಬೇಕಾದರೂ ಕೂರಬಲ್ಲ ಬಗೆಯದು.

ಪಟ್ಟಿಯಲ್ಲಿರೋದೆಲ್ಲ ನನ್ನ ಪ್ರೋಗ್ರಾಮೇ ಕೇಳಿದ್ದಾ?

ಇಲ್ಲ. ಎಲ್‌ಡಿಡಿ ನೆಂಟರ ನೆಂಟರನ್ನೂ ಸೇರಿಸಿಯೇ ತೋರಿಸುತ್ತದೆ. ಪ್ರೋಗ್ರಾಂ ನೇರವಾಗಿ ಕೇಳಿದ್ದು ಮಾತ್ರ ಬೇಕಿದ್ದರೆ:

    ಆಬ್ಜ್‌ಡಂಪ್ -ಪಿ /ಬಿನ್/ಎಲ್‌ಎಸ್ | ಗ್ರೆಪ್ ನೀಡೆಡ್

('ನೀಡೆಡ್' ದೊಡ್ಡಕ್ಷರಗಳಲ್ಲಿ.) ಮೇಲೆ ಐದು ಸಾಲು ಬಂದ ಎಲ್‌ಎಸ್‌ಗೆ ಇಲ್ಲಿ ಎರಡೇ: ಲಿಬ್‌ಸೆಲಿನಕ್ಸ್ ಮತ್ತು ಲಿಬ್‌ಸಿ. ಪಿಸಿಆರ್‌ಇ2ನ್ನು ಕರೆತಂದದ್ದು ಲಿಬ್‌ಸೆಲಿನಕ್ಸ್. ಯಾರು ಯಾರನ್ನು ಕರೆತಂದರು ಎಂಬ ವಂಶವೃಕ್ಷವೇ ಬೇಕೆಂದರೆ ಪ್ಯಾಕ್ಸ್-ಯುಟಿಲ್ಸ್ ಪ್ಯಾಕೇಜಿನ 'ಎಲ್‌ಡಿಡಿಟ್ರೀ' ಹಾಕಿಕೊಳ್ಳಿ. ಇನ್ನೂರು ಸಾಲು ಕೊಡುವ ಗ್ರಾಫಿಕ್ಸ್ ಪ್ರೋಗ್ರಾಮುಗಳಿಗೆ ಅದಿಲ್ಲದೆ ಆಗುವುದಿಲ್ಲ.

## ಲೈಬ್ರರಿ ಸಿಗದಿದ್ದಾಗ

'ನಾಟ್ ಫೌಂಡ್' ಅಂತ ಬಂತು. ಈಗೇನು ಮಾಡ್ಲಿ?

ಮೊದಲು ಆ ಸಾಲಿನ ಎಡಗಡೆಯ ಹೆಸರನ್ನು ಅಕ್ಷರ ಬಿಡದೆ ಓದಿ, ಕೊನೆಯ ಅಂಕಿ ಸೇರಿಸಿ. ಆಮೇಲೆ ಆ ಫೈಲ್ ಯಾವ ಪ್ಯಾಕೇಜಿನಲ್ಲಿದೆ ಎಂದು ಹುಡುಕಿ. ಉಬುಂಟು, ಡೆಬಿಯನ್‌ನಲ್ಲಿ 'ಆಪ್ಟ್-ಫೈಲ್' ಹಾಕಿಕೊಂಡು 'ಆಪ್ಟ್-ಫೈಲ್ ಅಪ್‌ಡೇಟ್', ಆಮೇಲೆ 'ಆಪ್ಟ್-ಫೈಲ್ ಸರ್ಚ್' ಮತ್ತು ಫೈಲ್ ಹೆಸರು. ಫೆಡೋರಾ, ರೆಡ್‌ಹ್ಯಾಟ್ ಬಳಗದಲ್ಲಿ 'ಡಿಎನ್‌ಎಫ್ ಪ್ರೊವೈಡ್ಸ್' ಮತ್ತು '*/' ಸೇರಿಸಿದ ಹೆಸರು. ಬಂದ ಪ್ಯಾಕೇಜನ್ನು ಹಾಕಿ, ಎಲ್‌ಡಿಡಿ ಮತ್ತೊಮ್ಮೆ ಓಡಿಸಿ. ಮೊದಲ ಲೈಬ್ರರಿ ಸಿಕ್ಕಿದ ಮೇಲೆ ಅದಕ್ಕೆ ಬೇಕಾದ ಮತ್ತೊಂದು ಕಾಣೆಯಾಗಿರುವುದು ಆಗ ಗೊತ್ತಾಗಬಹುದು. ಲೋಡರಿಗೆ ಸಿಗದ ಫೈಲಿನ ಒಳಗೇನಿದೆ ಎಂದು ಅದಕ್ಕೆ ಮೊದಲೇ ತಿಳಿಯುವ ದಾರಿಯಿಲ್ಲ.

'-ಡೆವ್' ಪ್ಯಾಕೇಜನ್ನು ಹಾಕಿಬಿಡುವ ಅಭ್ಯಾಸ ಬಹಳ ಜನಕ್ಕಿದೆ. ಕೆಲಸವೇನೋ ಆಗುತ್ತದೆ, ಆದರೆ ಅದು ಕಂಪೈಲ್ ಮಾಡುವವರಿಗೆ. ಓಡಿಸಲು ಅದಿಲ್ಲದ ಪ್ಯಾಕೇಜ್ ಸಾಕು.

ಫೈಲ್ /ಯುಎಸ್‌ಆರ್/ಲೋಕಲ್/ಲಿಬ್ ಒಳಗೇ ಇದೆ, ಕಣ್ಣಿಗೆ ಕಾಣ್ತಿದೆ. ಆದ್ರೂ ನಾಟ್ ಫೌಂಡ್!

ಸೋರ್ಸ್‌ನಿಂದ ಕಂಪೈಲ್ ಮಾಡಿ 'ಮೇಕ್ ಇನ್‌ಸ್ಟಾಲ್' ಕೊಟ್ಟವರ ಮಾಮೂಲಿ ದೂರು. ಲೋಡರ್ ಡಿಸ್ಕೆಲ್ಲ ಜಾಲಾಡುವುದಿಲ್ಲ, '/ಇಟಿಸಿ/ಎಲ್‌ಡಿ.ಎಸ್ಓ.ಕ್ಯಾಶ್' ಎಂಬ ಸಿದ್ಧ ಪಟ್ಟಿ ನೋಡುತ್ತದೆ. ಹೊಸ ಫೈಲ್ ಬಂದದ್ದು ಆ ಪಟ್ಟಿಗೆ ಗೊತ್ತಿಲ್ಲ.

ಉಬುಂಟುವಿನಲ್ಲಿ 'ಸುಡೊ ಎಲ್‌ಡಿಕಾನ್ಫಿಗ್' ಒಂದೇ ಸಾಕು, ಏಕೆಂದರೆ ಆ ಫೋಲ್ಡರ್ ಅಲ್ಲಿ ಮೊದಲೇ ನೋಂದಣಿಯಾಗಿದೆ. ರೆಡ್‌ಹ್ಯಾಟ್ ಬಳಗದಲ್ಲಿ ಹಾಗಿಲ್ಲ: '/ಇಟಿಸಿ/ಎಲ್‌ಡಿ.ಎಸ್ಓ.ಕಾನ್ಫ್.ಡಿ/' ಒಳಗೆ 'ಲೋಕಲ್.ಕಾನ್ಫ್' ಎಂಬ ಫೈಲ್ ಮಾಡಿ, ಅದರಲ್ಲಿ ಫೋಲ್ಡರಿನ ಪೂರ್ತಿ ದಾರಿಯನ್ನು ಒಂದು ಸಾಲಾಗಿ ಬರೆದು, ಆಮೇಲೆ ಎಲ್‌ಡಿಕಾನ್ಫಿಗ್. ಪಟ್ಟಿಗೆ ಸೇರಿತೇ ಎಂದು 'ಎಲ್‌ಡಿಕಾನ್ಫಿಗ್ -ಪಿ | ಗ್ರೆಪ್' ಮಾಡಿ ನೋಡಿ. ಇಷ್ಟಾದರೂ ಸಿಗದಿದ್ದರೆ ಆ ಫೈಲ್ 32 ಬಿಟ್ಟಿನದೋ ಬೇರೆ ಪ್ರೊಸೆಸರಿನದೋ ಎಂದು ಪರೀಕ್ಷಿಸಿ. ತನಗೆ ಹೊಂದದ ಲೈಬ್ರರಿಯನ್ನು ಲೋಡರ್ ಸದ್ದಿಲ್ಲದೆ ದಾಟಿ ಮುಂದೆ ಹೋಗುತ್ತದೆ.

ಒಂದೇ ಹೆಸರಿನ ಲೈಬ್ರರಿ ಎರಡು ಕಡೆ ಇದ್ರೆ ಯಾವುದು ಗೆಲ್ಲುತ್ತೆ?

ಆಟೋ ಹತ್ತಿ '8ನೇ ಕ್ರಾಸ್' ಎಂದಷ್ಟೇ ಹೇಳಿದರೆ ಮಲ್ಲೇಶ್ವರದ್ದೋ ವಿಲ್ಸನ್ ಗಾರ್ಡನ್ನಿನದೋ? ಪ್ರೋಗ್ರಾಂ ಕೊಡುವ ವಿಳಾಸವೂ ಇಂಥದ್ದೇ, ಬರೀ ಕ್ರಾಸ್ ನಂಬರ್. ಆದರೆ ಲೋಡರ್ ಎಂಬ ಆಟೋದವನು ಎಂದೂ ಒಂದೇ ಸರದಿಯಲ್ಲಿ ಬಡಾವಣೆಗಳನ್ನು ಸುತ್ತುತ್ತಾನೆ, ಮೊದಲು ಸಿಕ್ಕ 8ನೇ ಕ್ರಾಸಿನಲ್ಲಿ ಇಳಿಸಿಬಿಡುತ್ತಾನೆ.

ಸರದಿ ಇದು: ಎಲ್ಲಿ ಹುಡುಕಬೇಕೆಂದು ಫೈಲಿನೊಳಗೇ ಬರೆದ ಫೋಲ್ಡರ್ ಪಟ್ಟಿ, ಅಂದರೆ ಆರ್‌ಪಾತ್ (ಅದರ ಹೊಸ ರೂಪವಾದ ರನ್‌ಪಾತ್ ಇಲ್ಲದಿದ್ದರೆ ಮಾತ್ರ), ನಂತರ ಎಲ್‌ಡಿ_ಲೈಬ್ರರಿ_ಪಾತ್ ವೇರಿಯಬಲ್ಲಿನ ಫೋಲ್ಡರುಗಳು, ನಂತರ ರನ್‌ಪಾತ್, ನಂತರ ಕ್ಯಾಶ್ ಪಟ್ಟಿ, ಕಟ್ಟಕಡೆಗೆ /ಲಿಬ್ ಮತ್ತು /ಯುಎಸ್‌ಆರ್/ಲಿಬ್ (64 ಬಿಟ್ಟಿನ ಹಲವು ವಿತರಣೆಗಳಲ್ಲಿ ಅವುಗಳ 64 ಜೋಡಿ). ಹುಡುಕಾಟ ಕಣ್ಣಾರೆ ನೋಡಬೇಕೆ?

    ಎಲ್‌ಡಿ_ಡೀಬಗ್=ಲಿಬ್ಸ್ ./ಪ್ರೋಗ್ರಾಂ

ಪ್ರತಿ ಲೈಬ್ರರಿಗೆ ಯಾವ ಫೋಲ್ಡರ್ ತಡಕಿತು, ಆ ಫೋಲ್ಡರ್ ಯಾವ ಕಾರಣಕ್ಕೆ ಸರದಿಗೆ ಬಂತು ಎಂದು ಸಾಲು ಸಾಲಾಗಿ ಸುರಿಯುತ್ತದೆ. ಸಾಲುಗಳು ಜಾಸ್ತಿಯಾದರೆ 'ಎಲ್‌ಡಿ_ಡೀಬಗ್_ಔಟ್‌ಪುಟ್'ಗೆ ಒಂದು ಫೈಲ್ ಹೆಸರು ಕೊಡಿ. ಅದರ ಕೊನೆಗೆ ಪ್ರೊಸೆಸ್ ನಂಬರ್ ಅಂಟಿಸಿ ಬರೆದಿಡುತ್ತದೆ. ಎಲ್‌ಡಿಡಿಗಿಂತ ಇದನ್ನೇ ಮೊದಲು ಕಲಿಸಬೇಕು ಎಂಬುದು ನಮ್ಮ ಅಭಿಪ್ರಾಯ.

ಲಿಬ್‌ಎಸ್‌ಎಸ್‌ಎಲ್.ಎಸ್ಓ.1.1 ಬೇಕಂತೆ, ನನ್ನ ಹತ್ರ ಎಸ್ಓ.3 ಇದೆ. ಒಂದು ಸಿಮ್‌ಲಿಂಕ್ ಹಾಕಿಬಿಟ್ರೆ ಆಯ್ತಲ್ವಾ?

ಫೈಲೇ ಇಲ್ಲ ಎಂಬ ದೂರು ನಿಲ್ಲುತ್ತದೆ, ಪ್ರೋಗ್ರಾಂ ಸುಮ್ಮನಿರುವುದಿಲ್ಲ. ಹೆಸರಿನ ಕೊನೆಯ ಅಂಕಿ ಅಲಂಕಾರಕ್ಕಲ್ಲ. ಅಂಕಿ ಬದಲಾಯಿತೆಂದರೆ ಒಳಗಿನ ಒಪ್ಪಂದ ಮುರಿಯಿತು ಎಂದು ಲೈಬ್ರರಿ ಬರೆದವರೇ ಹೇಳಿದಂತೆ. ಈ ಉದಾಹರಣೆಯಲ್ಲಿ ಅದೃಷ್ಟವಿದ್ದರೆ ವರ್ಷನ್ ಸಿಗಲಿಲ್ಲವೆಂದು ತಕ್ಷಣ ನಿಲ್ಲುತ್ತದೆ. ವರ್ಷನ್ ಮುದ್ರೆ ಇಲ್ಲದ ಲೈಬ್ರರಿಗಳಲ್ಲಿ ಅದೃಷ್ಟ ಕೆಟ್ಟರೆ ವಾರಗಟ್ಟಲೆ ಓಡಿ, ಒಂದು ದಿನ ತಪ್ಪು ಲೆಕ್ಕ ಕೊಟ್ಟು ಬೀಳುತ್ತದೆ.

ಉಬುಂಟು 20.04ರಲ್ಲಿ ಓಪನ್‌ಎಸ್‌ಎಸ್‌ಎಲ್ 1.1 ಇತ್ತು, 22.04ರಿಂದ 3. ಸರಿಯಾದ ದಾರಿ ಎರಡು: ಪ್ರೋಗ್ರಾಮನ್ನು ಹೊಸದಕ್ಕೆ ಮತ್ತೆ ಕಂಪೈಲ್ ಮಾಡುವುದು, ಇಲ್ಲವೇ ಹಳೆಯ ಉಬುಂಟುವಿನ ಕಂಟೈನರ್ (ತನ್ನದೇ ಲೈಬ್ರರಿಗಳಿರುವ ಪ್ರತ್ಯೇಕ ಪೆಟ್ಟಿಗೆ) ಒಳಗೆ ಓಡಿಸುವುದು.

ಫೈಲ್ ಕಣ್ಣೆದುರಿಗೇ ಇದೆ, ಓಡಿಸೋಕೆ ಹೋದ್ರೆ 'ನೋ ಸಚ್ ಫೈಲ್ ಆರ್ ಡೈರೆಕ್ಟರಿ'. ತಲೆ ಕೆಟ್ಟುಹೋಗಿದೆ.

ಇಲ್ಲದಿರುವುದು ನಿಮ್ಮ ಫೈಲ್ ಅಲ್ಲ, ಅದು ಕೇಳುವ ಲೋಡರ್. ಕರ್ನಲ್ ಆ ಎರಡರ ನಡುವೆ ವ್ಯತ್ಯಾಸ ಮಾಡದೆ ಒಂದೇ ಸಂದೇಶ ಕೊಡುತ್ತದೆ. ಯಾವ ಲೋಡರ್ ಕೇಳುತ್ತಿದೆ ಎಂದು ನೋಡಿ:

    ರೀಡ್‌ಎಲ್ಫ್ -ಎಲ್ ./ಪ್ರೋಗ್ರಾಂ | ಗ್ರೆಪ್ ಇಂಟರ್‌ಪ್ರಿಟರ್

'/ಲಿಬ್/ಎಲ್‌ಡಿ-ಲಿನಕ್ಸ್.ಎಸ್ಓ.2' ಎಂದಿದ್ದರೆ ಅದು 32 ಬಿಟ್ ಪ್ರೋಗ್ರಾಂ. ಉಬುಂಟುವಿನಲ್ಲಿ 'ಸುಡೊ ಡಿಪಿಕೆಜಿ --ಆ್ಯಡ್-ಆರ್ಕಿಟೆಕ್ಚರ್ ಐ386', ಆಪ್ಟ್ ಅಪ್‌ಡೇಟ್, ಆಮೇಲೆ 'ಲಿಬ್‌ಸಿ6:ಐ386' ಹಾಕಿ. ಹಳೆಯ ಲೈಸೆನ್ಸ್ ಸರ್ವರುಗಳು, ಲ್ಯಾಬಿನ ಹಳೆಯ ಚಿಪ್ ಡಿಸೈನ್ ಟೂಲುಗಳು ಇಲ್ಲೇ ಮುಗ್ಗರಿಸುವುದು. ಆಲ್ಪೈನ್ ಎಂಬ ಪುಟ್ಟ ಲಿನಕ್ಸ್‌ನ ಕಂಟೈನರಿನಲ್ಲಿ ಗ್ಲಿಬ್‌ಸಿಗೆ ಕಟ್ಟಿದ ಪ್ರೋಗ್ರಾಂ ಇಟ್ಟರೂ ಇದೇ ಸಂದೇಶ: ಅಲ್ಲಿರುವುದು ಮಸಲ್ ಎಂಬ ಬೇರೆ ಸಿ ಲೈಬ್ರರಿ, ಅದರ ಲೋಡರಿಗೆ ಹೆಸರೇ ಬೇರೆ.

'ವರ್ಷನ್ ಗ್ಲಿಬ್‌ಸಿ_2.34 ನಾಟ್ ಫೌಂಡ್' ಬರ್ತಿದೆ. ಕ್ಲೈಂಟ್ ಸರ್ವರ್‌ನಲ್ಲಿ ಹೊಸ ಗ್ಲಿಬ್‌ಸಿ ಹಾಕ್ಬಹುದಾ?

ಹಾಕಬೇಡಿ. ಲಿಬ್‌ಸಿ ಫೈಲನ್ನು ಕೈಯಾರೆ ಬದಲಿಸಿದ ಕ್ಷಣದಿಂದ ಎಲ್‌ಎಸ್, ಸಿಪಿ, ಹೊಸ ಎಸ್‌ಎಸ್‌ಎಚ್ ಲಾಗಿನ್, ಸುಡೊ ಯಾವುದೂ ಓಡದೇ ಹೋಗಬಹುದು. ಆಗ ತೆರೆದಿರುವ ಆ ಒಂದು ಟರ್ಮಿನಲ್ ಮತ್ತು ಮೊದಲೇ ಇಟ್ಟುಕೊಂಡಿದ್ದರೆ ಸ್ಟ್ಯಾಟಿಕ್ ಬ್ಯುಸಿಬಾಕ್ಸ್ (ಹಲವು ಕಮಾಂಡುಗಳನ್ನು ಒಂದೇ ಫೈಲಿನಲ್ಲಿ ಕೊಡುವ ಪ್ರೋಗ್ರಾಂ), ಇವಷ್ಟೇ ದಿಕ್ಕು.

ಕಾರಣ ಸರಳ. ಗ್ಲಿಬ್‌ಸಿ ಹಳೆಯದರಲ್ಲಿ ಕಟ್ಟಿದ್ದನ್ನು ಹೊಸದರಲ್ಲಿ ಓಡಿಸುತ್ತದೆ, ಹೊಸದರಲ್ಲಿ ಕಟ್ಟಿದ್ದನ್ನು ಹಳೆಯದರಲ್ಲಿ ಓಡಿಸುವುದಿಲ್ಲ. ಸೆಂಟ್‌ಓಎಸ್ 7ರಲ್ಲಿ ಇರುವುದು 2.17, ರೆಡ್‌ಹ್ಯಾಟ್ 8ರಲ್ಲಿ 2.28, ಉಬುಂಟು 20.04ರಲ್ಲಿ 2.31, ರೆಡ್‌ಹ್ಯಾಟ್ 9ರಲ್ಲಿ 2.34, ಉಬುಂಟು 22.04ರಲ್ಲಿ 2.35, ಡೆಬಿಯನ್ 12ರಲ್ಲಿ 2.36, ಉಬುಂಟು 24.04ರಲ್ಲಿ 2.39. ನಿಮ್ಮ ಯಂತ್ರದ್ದು 'ಎಲ್‌ಡಿಡಿ --ವರ್ಷನ್' ಮೊದಲ ಸಾಲಿನಲ್ಲಿ ಹೇಳುತ್ತದೆ.

ಅದರಲ್ಲೂ 2.34 ಎಂಬ ಸಂಖ್ಯೆಯೇ ಎಲ್ಲರ ಕಾಲಿಗೆ ತೊಡರುವುದು ಏಕೆ? 2021ರ ಆಗಸ್ಟಿನಲ್ಲಿ ಬಂದ ಆ ಆವೃತ್ತಿಯಲ್ಲಿ ಲಿಬ್‌ಪಿಥ್ರೆಡ್, ಲಿಬ್‌ಡಿಎಲ್ ಮೊದಲಾದವು ಲಿಬ್‌ಸಿಯೊಳಗೇ ಸೇರಿಹೋದವು. ಜೊತೆಗೆ ಪ್ರೋಗ್ರಾಂ ಶುರುವಾಗುವಾಗಲೇ ಕರೆಯುವ '__ಲಿಬ್‌ಸಿ_ಸ್ಟಾರ್ಟ್_ಮೇನ್' ಎಂಬ ಸಿಂಬಲ್ಲಿಗೆ (ಅಂದರೆ ಫಂಕ್ಷನ್ನಿನ ಹೆಸರಿಗೆ) ಹೊಸ ವರ್ಷನ್ ಮುದ್ರೆ ಬಿತ್ತು. ಆದ್ದರಿಂದ ಎರಡು ಸಾಲಿನ 'ನಮಸ್ಕಾರ' ಪ್ರೋಗ್ರಾಮನ್ನು ಉಬುಂಟು 22.04ರಲ್ಲಿ ಕಂಪೈಲ್ ಮಾಡಿದರೂ ಅದು 2.34 ಕೇಳುತ್ತದೆ. ಯಾವ ಸಿಂಬಲ್ ಯಾವ ವರ್ಷನ್ ಕೇಳುತ್ತಿದೆ ಎಂದು 'ಆಬ್ಜ್‌ಡಂಪ್ -ಟಿ' (ದೊಡ್ಡ ಟಿ) ಔಟ್‌ಪುಟ್‌ನಲ್ಲಿ ಗ್ಲಿಬ್‌ಸಿ ಎಂದು ಗ್ರೆಪ್ ಮಾಡಿದರೆ ಕಾಣುತ್ತದೆ.

ಪರಿಹಾರ: ಕ್ಲೈಂಟಿನ ಬಳಿ ಇರುವಷ್ಟೇ ಹಳೆಯ, ಇಲ್ಲವೇ ಅದಕ್ಕಿಂತ ಹಳೆಯ ವಿತರಣೆಯ ಕಂಟೈನರ್ ಒಳಗೆ ಕಟ್ಟಿ. ಪೈಥಾನ್ ಪ್ಯಾಕೇಜ್ ಕಟ್ಟುವವರ ಮೆನಿಲಿನಕ್ಸ್2014 ಇಮೇಜ್ ಹುಟ್ಟಿದ್ದೇ ಹೀಗೆ. ಅದರ ಬುಡ ಸೆಂಟ್‌ಓಎಸ್ 7. ಆ ಸೆಂಟ್‌ಓಎಸ್‌ಗೆ 2024ರ ಜೂನ್ 30ಕ್ಕೆ ಬೆಂಬಲ ನಿಂತಿದೆ, ಆದರೂ ಅದರ ಮೇಲೇ ಓಡುತ್ತಿರುವ ಸರ್ವರುಗಳು ಊರ ತುಂಬ ಇವೆ. ಗೋ, ರಸ್ಟ್ ಬಳಸುವವರಿಗೆ ಸುಲಭ ದಾರಿಯಿದೆ: ಗೋನಲ್ಲಿ 'ಸಿಗೋ_ಎನೇಬಲ್ಡ್=0', ರಸ್ಟ್‌ನಲ್ಲಿ ಮಸಲ್ ಟಾರ್ಗೆಟ್. ಎರಡರಲ್ಲೂ ಗ್ಲಿಬ್‌ಸಿಯ ಗೊಡವೆಯೇ ಇರುವುದಿಲ್ಲ.

## ಎಲ್‌ಡಿಡಿಗೆ ಕಾಣದ್ದು

ಎಲ್‌ಡಿಡಿಯಲ್ಲಿ ಎಲ್ಲಾ ಸರಿಯಿದೆ, ಆದ್ರೆ ಚಿತ್ರದ ಮೇಲೆ ಕನ್ನಡ ಬರೆದ್ರೆ ಒತ್ತಕ್ಷರ ಒಡೆದುಹೋಗುತ್ತೆ. ಯಾವ ಲೈಬ್ರರಿ ಇಲ್ಲ?

ಪೈಥಾನ್‌ನ ಪಿಲ್ಲೋ ಬಳಸಿ ಪೋಸ್ಟರ್, ಸರ್ಟಿಫಿಕೇಟ್ ಮಾಡುವವರು ಕೇಳುವ ಪ್ರಶ್ನೆ. ಲ್ಯಾಪ್‌ಟಾಪಿನಲ್ಲಿ 'ಮಲ್ಲೇಶ್ವರ' ಎಂದು ಬಂದದ್ದು ಸರ್ವರಿನಲ್ಲಿ 'ಮಲ್‌ಲೇಶ್‌ವರ' ಎಂದು ಬಿಡಿಬಿಡಿಯಾಗಿ ಬರುತ್ತದೆ. ಒತ್ತಕ್ಷರ ಕೂಡಿಸುವ ಕೆಲಸ ಹಾರ್ಫ್‌ಬಜ್‌ದು, ಅದನ್ನು ಪಿಲ್ಲೋ ಕರೆಯುವುದು ರಾಕ್ಮ್ ಮೂಲಕ. ಪಿಲ್ಲೋ 8.2.0ರಿಂದ ಪಿಪ್‌ನಲ್ಲಿ ಬರುವ ವೀಲ್ (ಸಿದ್ಧ ಪ್ಯಾಕೇಜ್) ಒಳಗೆ ರಾಕ್ಮ್ ಇದೆ, ಆದರೆ ಅದು ಫ್ರಿಬಿಡಿ ಎಂಬ ಮತ್ತೊಂದು ಲೈಬ್ರರಿಯನ್ನು ಓಡುವಾಗ ಸಿಸ್ಟಮ್ಮಿನಲ್ಲಿ ಹುಡುಕಿಕೊಳ್ಳುತ್ತದೆ. ಸಿಗದಿದ್ದರೆ ಜಗಳವಾಡದೆ ಸಾದಾ ಜೋಡಣೆಗೆ ಇಳಿಯುತ್ತದೆ. ಅದಕ್ಕೆ ಒಂದೇ ಒಂದು ಎರರ್ ಕೂಡ ಬರುವುದಿಲ್ಲ.

ಎಲ್‌ಡಿಡಿ ಇದನ್ನು ಹಿಡಿಯಲಾರದು. ಅದಕ್ಕೆ ಗೊತ್ತಾಗುವುದು ಫೈಲಿನ ತಲೆಯಲ್ಲಿ ಬರೆದಿಟ್ಟ ಹೆಸರುಗಳು ಮಾತ್ರ. ಪ್ರೋಗ್ರಾಂ ಓಡುತ್ತ ಓಡುತ್ತ 'ಡಿಎಲ್‌ಓಪನ್' ಮಾಡಿ ಎಳೆದುಕೊಳ್ಳುವವು ಪಟ್ಟಿಯಲ್ಲಿ ಬರುವುದಿಲ್ಲ. ಪ್ಲಗ್‌ಇನ್, ಡೇಟಾಬೇಸ್ ಡ್ರೈವರ್, ಕ್ಯೂಟಿಯ ವಿಂಡೋ ತುಣುಕುಗಳು, ಎಲ್ಲ ಇದೇ ಜಾತಿ. ಹಿಡಿಯಲು:

    ಎಸ್‌ಟ್ರೇಸ್ -ಎಫ್ -ಇ ಟ್ರೇಸ್=ಓಪನ್ಯಾಟ್ ಪೈಥಾನ್3 ಪೋಸ್ಟರ್.ಪಿವೈ 2>&1 | ಗ್ರೆಪ್ ಫ್ರಿಬಿಡಿ

ಸಾಲುಸಾಲಾಗಿ 'ಇಎನ್‌ಒಇಎನ್‌ಟಿ' ಎಂದು ಬಂದರೆ ಹುಡುಕಿ ಸೋತಿದೆ ಎಂದರ್ಥ. ಡೆಬಿಯನ್, ಉಬುಂಟುವಿನಲ್ಲಿ 'ಲಿಬ್‌ಫ್ರಿಬಿಡಿ0' ಪ್ಯಾಕೇಜ್ ಹಾಕಿ. ಓಡುತ್ತಿರುವ ಪ್ರೋಗ್ರಾಂ ಈಗಾಗಲೇ ಏನೇನು ಎಳೆದುಕೊಂಡಿದೆ ಎಂದು ನೋಡಲು ಎಸ್‌ಟ್ರೇಸ್ ಬೇಡ, '/ಪ್ರಾಕ್/ಪ್ರೊಸೆಸ್ ನಂಬರ್/ಮ್ಯಾಪ್ಸ್' ಓದಿದರೆ ಸಾಕು.

ನನ್ನ ಟರ್ಮಿನಲ್‌ನಲ್ಲಿ ಓಡುತ್ತೆ, ಕ್ರಾನ್‌ನಲ್ಲಿ, ಸುಡೊದಲ್ಲಿ ಓಡಲ್ಲ. ಎಲ್‌ಡಿಡಿ ಎಲ್ಲಾ ಸರಿ ಅನ್ನುತ್ತೆ.

ಎಲ್‌ಡಿಡಿ ನೋಡಿದ್ದು ನಿಮ್ಮ ಟರ್ಮಿನಲ್ಲಿನ ಎನ್ವಿರಾನ್‌ಮೆಂಟನ್ನು. ಎಂದೋ '.ಬ್ಯಾಷ್‌ಆರ್‌ಸಿ'ಯಲ್ಲಿ ಎಲ್‌ಡಿ_ಲೈಬ್ರರಿ_ಪಾತ್ ಬರೆದು ಮರೆತಿರುತ್ತೀರಿ. ಕ್ರಾನ್ ಆ ಫೈಲ್ ಓದುವುದಿಲ್ಲ, ಸಿಸ್ಟಮ್‌ಡಿಯೂ ಓದುವುದಿಲ್ಲ, ಸುಡೊ 'ಎಲ್‌ಡಿ_' ವೇರಿಯಬಲ್‌ಗಳನ್ನು ಬೇಕೆಂದೇ ಕಿತ್ತುಹಾಕುತ್ತದೆ. ಸೆಟ್‌ಯುಐಡಿ ಪ್ರೋಗ್ರಾಮುಗಳಲ್ಲಿ (ಓಡಿಸುವವರದ್ದಲ್ಲ, ಫೈಲಿನ ಒಡೆಯರ ಅಧಿಕಾರದಲ್ಲಿ ಓಡುವವು) ಲೋಡರ್ ತಾನೇ ಅದನ್ನು ಕಡೆಗಣಿಸುತ್ತದೆ. ಇಲ್ಲದಿದ್ದರೆ ಯಾರು ಬೇಕಾದರೂ ಕಳ್ಳ ಲೈಬ್ರರಿ ತೋರಿಸಿ ರೂಟ್ ಆಗಿಬಿಡುತ್ತಿದ್ದರು.

'ಎನ್ವ್ -ಐ ಎಲ್‌ಡಿಡಿ ./ಪ್ರೋಗ್ರಾಂ' ಎಂದು ಖಾಲಿ ಎನ್ವಿರಾನ್‌ಮೆಂಟಿನಲ್ಲಿ ಓಡಿಸಿ ನೋಡಿ, ಗುಟ್ಟು ಬಯಲಾಗುತ್ತದೆ. ಸರ್ವೀಸ್ ಫೈಲಿನಲ್ಲಿ ವೇರಿಯಬಲ್ ತುರುಕುವುದಕ್ಕಿಂತ ಎಲ್‌ಡಿಕಾನ್ಫಿಗ್ ಇಲ್ಲವೇ ರನ್‌ಪಾತ್ ಒಳ್ಳೆಯದು.

ಗೊತ್ತಿಲ್ಲದ ಪ್ರೋಗ್ರಾಂ ಬಂದಿದೆ, ಓಡಿಸದೆ ಎಲ್‌ಡಿಡಿಯಲ್ಲಿ ನೋಡೋದು ಸೇಫ್ ಅಲ್ವಾ?

ನಂಬಬೇಡಿ. ಗ್ಲಿಬ್‌ಸಿ 2.27ಕ್ಕಿಂತ ಮೊದಲಿನ ಮೂಲ ಎಲ್‌ಡಿಡಿ ಕೆಲವು ಸಂದರ್ಭಗಳಲ್ಲಿ ಪ್ರೋಗ್ರಾಮನ್ನೇ ನೇರ ಓಡಿಸಿಬಿಡುತ್ತಿತ್ತು. ತನ್ನದೇ ಲೋಡರ್ ಹೇಳಿಕೊಂಡು ಬಂದ ಫೈಲ್ ಇದ್ದರೆ ಆ ಲೋಡರ್ ಟ್ರೇಸ್ ವೇರಿಯಬಲ್ಲಿಗೆ ಸೊಪ್ಪು ಹಾಕದೆ ತನಗೆ ಬೇಕಾದ್ದು ಮಾಡಬಹುದಿತ್ತು. ಎಷ್ಟೋ ವಿತರಣೆಗಳು ಇದನ್ನು ಮೊದಲೇ ತಿದ್ದಿದ್ದವು, ಆದರೆ ನೀವು ಕೂತಿರುವ ಯಂತ್ರದ್ದು ಯಾವುದೋ. ಅನುಮಾನದ ಫೈಲಿಗೆ 'ಆಬ್ಜ್‌ಡಂಪ್ -ಪಿ' ಇಲ್ಲವೇ 'ರೀಡ್‌ಎಲ್ಫ್ -ಡಿ' ಬಳಸಿ. ಅವು ಫೈಲನ್ನು ಬರೀ ಓದುತ್ತವೆ. ರೂಟ್ ಆಗಿ ಕೂತು ಎಲ್‌ಡಿಡಿ ಹೊಡೆಯುವುದಂತೂ ಬೇಡವೇ ಬೇಡ.

-ವಿ, -ಯು, -ಡಿ, -ಆರ್ ಇವೆಲ್ಲ ಯಾವಾಗ ಬೇಕಾಗುತ್ತೆ?

ದಿನವೂ ಬೇಕಾಗುವುದಿಲ್ಲ. '-ವಿ' ಯಾವ ಫೈಲ್ ಯಾವ ವರ್ಷನ್ ಕೇಳಿತು ಎಂದು ವಿವರಿಸುತ್ತದೆ. '-ಯು' ಲಿಂಕ್ ಮಾಡಿಯೂ ಬಳಸದ ಲೈಬ್ರರಿಗಳನ್ನು ತೋರಿಸುತ್ತದೆ. ಲಿಂಕರಿಗೆ '--ಆ್ಯಸ್-ನೀಡೆಡ್' ಕೊಟ್ಟರೆ ಅವು ಉದುರಿಹೋಗುತ್ತವೆ, ಉಬುಂಟುವಿನ ಜಿಸಿಸಿ ಇದನ್ನು ತಾನಾಗಿಯೇ ಕೊಡುತ್ತದೆ. '-ಡಿ' ಡೇಟಾ ಸಿಂಬಲ್‌ಗಳನ್ನು, '-ಆರ್' ಡೇಟಾ ಮತ್ತು ಫಂಕ್ಷನ್ ಎರಡನ್ನೂ ಪರೀಕ್ಷಿಸುತ್ತದೆ.

ಈ '-ಆರ್' ನಿಜಕ್ಕೂ ಕೆಲಸಕ್ಕೆ ಬರುವಂಥದ್ದು. ಲೈಬ್ರರಿ ಸಿಕ್ಕಿದರೂ ಅದರೊಳಗೆ ಬೇಕಾದ ಫಂಕ್ಷನ್ ಇಲ್ಲದಿರಬಹುದು; ಆ ಫಂಕ್ಷನ್ ಕರೆಯುವ ಗಳಿಗೆಯವರೆಗೆ ಪ್ರೋಗ್ರಾಂ ಏನೂ ಆಗದಂತೆ ಓಡಿ ಆಮೇಲೆ ಬೀಳಬಹುದು. '-ಆರ್' ಅದನ್ನು ಮೊದಲೇ 'ಅನ್‌ಡಿಫೈನ್ಡ್ ಸಿಂಬಲ್' ಎಂದು ಹೇಳುತ್ತದೆ. ಪೈಥಾನ್ ಎಕ್ಸ್‌ಟೆನ್ಷನ್ನುಗಳ ಮೇಲೆ ಓಡಿಸಿದಾಗ ಮಾತ್ರ ಗಾಬರಿಯಾಗಬೇಡಿ: 'ಪೈ' ಎಂದು ಶುರುವಾಗುವ ಹತ್ತಾರು ಸಿಂಬಲ್ ಇಲ್ಲವೆನ್ನುತ್ತದೆ, ಅವು ಪೈಥಾನ್ ಓಡುವಾಗ ಅದರೊಳಗಿಂದಲೇ ಸಿಗುತ್ತವೆ.

## ಇನ್ನಷ್ಟು ಆಳಕ್ಕೆ

ಪ್ರೋಗ್ರಾಂ ಜೊತೆಗೇ ಲೈಬ್ರರಿ ಫೋಲ್ಡರ್ ಕೊಡ್ಬೇಕು, ಗ್ರಾಹಕರು ಏನೂ ಸೆಟ್ ಮಾಡಬಾರದು. ಹೇಗೆ?

ರನ್‌ಪಾತ್‌ನಲ್ಲಿ '$ಒರಿಜಿನ್' ಬರೆಯಿರಿ. ಅದಕ್ಕೆ 'ಈ ಫೈಲ್ ಇರುವ ಜಾಗ' ಎಂದರ್ಥ. ಪ್ರೋಗ್ರಾಂ 'ಬಿನ್' ಒಳಗೆ, ಲೈಬ್ರರಿಗಳು ಪಕ್ಕದ 'ಲಿಬ್' ಒಳಗೆ ಇದ್ದರೆ ಲಿಂಕ್ ಮಾಡುವಾಗ:

    -ಡಬ್ಲ್ಯುಎಲ್,-ಆರ್‌ಪಾತ್,'$ಒರಿಜಿನ್/../ಲಿಬ್'

ಒಂಟಿ ಉದ್ಧರಣ ಚಿಹ್ನೆ ಬಿಟ್ಟರೆ ಶೆಲ್ ಅದನ್ನು ತನ್ನ ವೇರಿಯಬಲ್ ಎಂದು ತಿಳಿದು ಖಾಲಿ ಮಾಡುತ್ತದೆ. ಮೇಕ್‌ಫೈಲ್ ಒಳಗಾದರೆ ಡಾಲರ್ ಎರಡು ಸಲ. ಕಟ್ಟಿ ಮುಗಿದ ಫೈಲಿಗಾದರೆ 'ಪ್ಯಾಚೆಲ್ಫ್ --ಸೆಟ್-ಆರ್‌ಪಾತ್'. ಸರಿಯಾಗಿ ಬಿತ್ತೇ ಎಂದು 'ಪ್ಯಾಚೆಲ್ಫ್ --ಪ್ರಿಂಟ್-ಆರ್‌ಪಾತ್' ನೋಡಿ.

ಇಲ್ಲೊಂದು ಹಳ್ಳವಿದೆ. ರನ್‌ಪಾತ್ ಸಲ್ಲುವುದು ಅದನ್ನು ಹೊತ್ತ ಫೈಲ್ ನೇರವಾಗಿ ಕೇಳುವ ಲೈಬ್ರರಿಗಳಿಗೆ ಮಾತ್ರ. ಪ್ರೋಗ್ರಾಂ 'ಲಿಬ್-ಅ' ಕೇಳಿ, 'ಲಿಬ್-ಅ' ಪಕ್ಕದಲ್ಲೇ ಇರುವ 'ಲಿಬ್-ಆ' ಕೇಳಿದರೆ ಎರಡನೆಯದು ನಾಟ್ ಫೌಂಡ್ ಆಗುತ್ತದೆ. ಆದ್ದರಿಂದ ಪ್ರತಿ ಲೈಬ್ರರಿಗೂ ಅದರದ್ದೇ '$ಒರಿಜಿನ್' ಇಡಿ. ಹಳೆಯ ಆರ್‌ಪಾತ್ ಮೊಮ್ಮಕ್ಕಳಿಗೂ ಸಲ್ಲುತ್ತಿತ್ತು. '--ಡಿಸೇಬಲ್-ನ್ಯೂ-ಡಿಟ್ಯಾಗ್ಸ್' ಕೊಟ್ಟರೆ ಅದನ್ನೇ ಪಡೆಯಬಹುದು, ಆದರೆ ಆಗ ಎಲ್‌ಡಿ_ಲೈಬ್ರರಿ_ಪಾತ್ ಕೊಟ್ಟು ಮೀರುವ ದಾರಿ ಮುಚ್ಚುತ್ತದೆ.

ಚಿಕ್ಕ ಡಾಕರ್ ಇಮೇಜಿಗೆ ಎಲ್‌ಡಿಡಿ ಪಟ್ಟಿ ನೋಡಿ ಎಲ್ಲಾ ಕಾಪಿ ಮಾಡಿದೆ, ಆದ್ರೂ ಓಡ್ತಿಲ್ಲ.

ಬಹುಶಃ ಬಾಣವಿರುವ ಸಾಲುಗಳ ಮೂರನೆಯ ಕಾಲಂ ಎತ್ತುವ 'ಆಕ್' ಕಮಾಂಡಿನ ಸಾಲನ್ನು ಎಲ್ಲಿಂದಲೋ ತಂದು ಬಳಸಿದ್ದೀರಿ. ಲೋಡರ್ ಸಾಲಿಗೆ ಬಾಣವಿಲ್ಲ, ಆದ್ದರಿಂದ ಅದೊಂದು ಬಿಟ್ಟುಹೋಗುತ್ತದೆ. ಮೇಲೆ ಹೇಳಿದ 'ನೋ ಸಚ್ ಫೈಲ್' ಸಂದೇಶ ಬರುತ್ತದೆ. /ಲಿಬ್64ರ ಲೋಡರನ್ನು ಅದೇ ದಾರಿಯಲ್ಲಿ ಕೈಯಾರೆ ಇಡಿ.

ಓಡಿತು, ಆದರೆ ಹೋಸ್ಟ್ ಹೆಸರು ಬಗೆಹರಿಯುತ್ತಿಲ್ಲ ಎಂದರೆ ಹಳೆಯ ಗ್ಲಿಬ್‌ಸಿ ಇರಬೇಕು. 2.34ಕ್ಕೆ ಮೊದಲು ಲಿಬ್‌ಎನ್‌ಎಸ್‌ಎಸ್_ಡಿಎನ್‌ಎಸ್, ಲಿಬ್‌ಎನ್‌ಎಸ್‌ಎಸ್_ಫೈಲ್ಸ್ ಎರಡನ್ನೂ ಓಡುವಾಗ ಎಳೆದುಕೊಳ್ಳುತ್ತಿತ್ತು, ಎಲ್‌ಡಿಡಿ ಪಟ್ಟಿಯಲ್ಲಿ ಅವು ಇರುವುದಿಲ್ಲ. ಈಗ ಅವು ಲಿಬ್‌ಸಿಯೊಳಗೇ ಇವೆ.

ಆಲ್ಪೈನ್‌ನ ಎಲ್‌ಡಿಡಿ ಬೇರೆ ಥರ ಮಾತಾಡುತ್ತಲ್ಲ?

ಅಲ್ಲಿ ಪಟ್ಟಿ ಕೊಡುವುದು ಮಸಲ್ ಲೋಡರ್. ಮಸಲ್ ಲೋಡರನ್ನೇ ಎಲ್‌ಡಿಡಿ ಎಂಬ ಹೆಸರಿನಲ್ಲಿ ಕರೆದರೆ ಅದು ಪಟ್ಟಿ ಕೊಡುತ್ತದೆ. ಸಂದೇಶಗಳ ಮಾತು ಬೇರೆ, '-ವಿ', '-ಯು' ಮೊದಲಾದ ಆಯ್ಕೆಗಳಿಲ್ಲ.

ಎಸ್‌ಪಿ ರಸ್ತೆಯಲ್ಲಿ ತಂದ ಆರ್ಮ್ ಬೋರ್ಡ್‌ನಲ್ಲಿ ಎಲ್‌ಡಿಡಿಯೇ ಇಲ್ಲ. ಏನ್ಮಾಡೋದು?

ಸಣ್ಣ ಇಮೇಜುಗಳಲ್ಲಿ ಬ್ಯಾಷ್ ಇರುವುದಿಲ್ಲ, ಹಾಗಾಗಿ ಎಲ್‌ಡಿಡಿಯನ್ನೂ ಬಿಟ್ಟಿರುತ್ತಾರೆ. ಲೋಡರ್ ಇದ್ದೇ ಇರುತ್ತದೆ, ಅದನ್ನೇ ಕೇಳಿ:

    /ಲಿಬ್/ಎಲ್‌ಡಿ-ಲಿನಕ್ಸ್-ಆರ್ಮ್‌ಎಚ್‌ಎಫ್.ಎಸ್ಓ.3 --ಲಿಸ್ಟ್ ./ಪ್ರೋಗ್ರಾಂ

64 ಬಿಟ್ ಬೋರ್ಡಿನಲ್ಲಿ ಅದರ ಹೆಸರು 'ಎಲ್‌ಡಿ-ಲಿನಕ್ಸ್-ಎಆರ್ಚ್64.ಎಸ್ಓ.1'. ಬೋರ್ಡ್ ಕೈಯಲ್ಲಿಲ್ಲದಿದ್ದರೆ ಲ್ಯಾಪ್‌ಟಾಪಿನ 'ರೀಡ್‌ಎಲ್ಫ್ -ಡಿ' ಸಾಕು. ಅದಕ್ಕೆ ಪ್ರೊಸೆಸರ್ ಯಾವುದಾದರೂ ಆಗುತ್ತದೆ. ಟೂಲ್‌ಚೈನ್ ಹೆಸರು 'ಗ್ನೂಇಎಬಿಐ' ಎಂದಷ್ಟೇ ಮುಗಿದಿದ್ದರೆ ಅದು ಸಾಫ್ಟ್ ಫ್ಲೋಟ್, 'ಎಚ್‌ಎಫ್' ಎಂದು ಮುಗಿದರೆ ಹಾರ್ಡ್ ಫ್ಲೋಟ್. ಎರಡರ ಲೋಡರ್ ಹೆಸರು ಬೇರೆ ಬೇರೆ, ಅದಲುಬದಲಾದರೆ ಪ್ರೋಗ್ರಾಂ ಅಲ್ಲಿ ಏಳುವುದೇ ಇಲ್ಲ.

ಬಿಲ್ಡ್ ಪೈಪ್‌ಲೈನ್‌ನಲ್ಲಿ ಎಲ್‌ಡಿಡಿ ಚೆಕ್ ಹಾಕಿದ್ದೀವಿ, ಲೈಬ್ರರಿ ಇಲ್ಲದಿದ್ರೂ ಪಾಸ್ ಆಗ್ತಿದೆ.

ಲೈಬ್ರರಿ ಸಿಗದಿದ್ದರೂ ಗ್ಲಿಬ್‌ಸಿಯ ಎಲ್‌ಡಿಡಿ ಎಕ್ಸಿಟ್ ಕೋಡ್ 0 ಕೊಡುತ್ತದೆ. ಪಟ್ಟಿ ಕೊಡುವುದಷ್ಟೇ ಅದರ ಕೆಲಸ. ಔಟ್‌ಪುಟ್ಟನ್ನೇ ಓದಬೇಕು:

    ! ಎಲ್‌ಡಿಡಿ ./ಪ್ರೋಗ್ರಾಂ 2>&1 | ಗ್ರೆಪ್ 'ನಾಟ್ ಫೌಂಡ್'

'2>&1' ಬಿಡಬೇಡಿ, ಎರರ್ ಕಡೆಗೆ ಹೋದ ಸಾಲುಗಳೂ ಸಿಕ್ಕಿಬೀಳಲಿ. ಇನ್ನೊಂದು ಮಾತು, ಈ ಪರೀಕ್ಷೆಯನ್ನು ಬಿಲ್ಡ್ ಯಂತ್ರದಲ್ಲಿ ಮಾಡಿ ಉಪಯೋಗವಿಲ್ಲ. ಅಲ್ಲಿ ಎಲ್ಲ ಲೈಬ್ರರಿಗಳೂ ಇದ್ದೇ ಇರುತ್ತವೆ. ಗ್ರಾಹಕರಿಗೆ ಹೋಗುವ ಖಾಲಿ ಇಮೇಜ್ ಒಳಗೆ ಓಡಿಸಿ.

ಮ್ಯಾಕ್, ವಿಂಡೋಸ್‌ನಲ್ಲಿ ಇದಕ್ಕೆ ಏನಿದೆ?

ಮ್ಯಾಕ್‌ನಲ್ಲಿ 'ಓಟೂಲ್ -ಎಲ್', ಎಲ್ ದೊಡ್ಡಕ್ಷರ. ಅದು ನೇರವಾಗಿ ಕೇಳಿದ್ದನ್ನಷ್ಟೇ ತೋರಿಸುತ್ತದೆ. ಬಿಗ್ ಸರ್‌ನಿಂದ ಈಚೆಗೆ ಸಿಸ್ಟಮ್ ಲೈಬ್ರರಿಗಳು ಬಿಡಿ ಫೈಲಾಗಿ ಡಿಸ್ಕಿನಲ್ಲಿ ಇರುವುದಿಲ್ಲ, ಒಂದು ದೊಡ್ಡ ಕ್ಯಾಶ್ ಒಳಗಿರುತ್ತವೆ. ಪಟ್ಟಿಯಲ್ಲಿದ್ದ ದಾರಿಗೆ ಹೋಗಿ ನೋಡಿ ಫೈಲಿಲ್ಲವೆಂದು ಹೆದರಬೇಡಿ. ವಿಂಡೋಸ್‌ನಲ್ಲಿ ವಿಷುಯಲ್ ಸ್ಟುಡಿಯೋ ಜೊತೆ ಬರುವ 'ಡಂಪ್‌ಬಿನ್ /ಡಿಪೆಂಡೆಂಟ್ಸ್' ಇದೆ. ಗಿಟ್ ಬ್ಯಾಷ್ ಹಾಕಿಕೊಂಡವರಿಗೆ ಅದರೊಳಗೇ ಎಲ್‌ಡಿಡಿ ಸಿಗುತ್ತದೆ, ಡಿಎಲ್‌ಎಲ್‌ಗಳ ಪಟ್ಟಿ ಕೊಡುತ್ತದೆ.